ನೆಗಡಿಗೆ ಕೊಟ್ಟ ಪುಡಿ

"ಇದನ್ನ ನಿಮಗೆ ಕೊಡೋಕಾಗಲ್ಲ ಸಾರ್," ಎಂದು ಔಷಧಿ ಅಂಗಡಿಯವಳು ನೆಗಡಿ ಪುಡಿಯ ಪ್ಯಾಕೆಟ್ಟನ್ನು ಇನ್‌ಸ್ಪೆಕ್ಟರ ಕೈಗೆ ಸಿಗದಂತೆ ಕೌಂಟರಿನ ಆಚೆ ಬದಿಗೆ ಎಳೆದುಕೊಂಡಳು.

ಯಾಕೆ ಎಂದು ಕೇಳಲು ಇನ್‌ಸ್ಪೆಕ್ಟರು ಬಾಯಿ ತೆರೆದರು, ಸೀನು ಬಂತು. ಒಂದರ ಹಿಂದೆ ಒಂದು, ಸಾಲಾಗಿ. ಎರಡು ದಿನದಿಂದ ಮೂಗು ಕಟ್ಟಿತ್ತು, ತಲೆ ಕಲ್ಲಾಗಿತ್ತು, ರಾತ್ರಿ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಚೀಟಿ ಬೇಡದ, ಡಾಕ್ಟರು ಬೇಡದ, ಪೆಪ್ಪರಮಿಂಟಿನ ಹಾಗೆ ದಾರಿಹೋಕರಿಗೆಲ್ಲ ಮಾರುವ ಪುಡಿ ಅದು. ಪೊಲೀಸರಿಗೆ ಮಾತ್ರ ಕೊಡಬಾರದು ಎಂದು ಹೊಸ ಕಾನೂನೇನಾದರೂ ಬಂದಿದೆಯೇ ಎಂದು ಕೇಳಿದರು.

ಅವಳು ನಗಲಿಲ್ಲ. ಕರವಸ್ತ್ರದ ಜೊತೆ ಅವರ ಜೇಬಿನಿಂದ ಈಚೆ ಬಂದು ಕೌಂಟರಿನ ಮೇಲೆ ಬಿದ್ದಿದ್ದ ಮಾತ್ರೆಯ ಹಾಳೆಯ ಕಡೆ ಬೆರಳು ತೋರಿಸಿದಳು. ಬಿ.ಪಿ. ಮಾತ್ರೆ. ಉಪ್ಪಿಲ್ಲದ ಊಟ ಮಾಡುತ್ತಾರೆಂದು ಠಾಣೆಯವರೆಲ್ಲ ಹಿಂದಿನಿಂದ 'ಸಪ್ಪೆ ಸಾಹೇಬ್ರು' ಎಂದು ಕರೆಯುತ್ತಿದ್ದುದು ಈ ಮಾತ್ರೆಯ ದೆಸೆಯಿಂದಲೇ.

"ಮೂಗು ಕಟ್ಟೋದು ಯಾಕೆ ಹೇಳಿ. ಒಳಗಿರೋ ರಕ್ತನಾಳ ಊದಿಕೊಂಡಿರುತ್ತೆ. ಈ ಪುಡಿ ಅದನ್ನ ಬಿಗಿ ಮಾಡುತ್ತೆ, ಮೂಗು ಬಿಡುತ್ತೆ. ಆದ್ರೆ ಮೂಗು ಯಾವುದು, ಮಿಕ್ಕ ಮೈ ಯಾವುದು ಅಂತ ಪುಡಿಗೇನು ಗೊತ್ತು ಸಾರ್? ಎಲ್ಲಾ ಕಡೆ ಬಿಗಿ ಮಾಡುತ್ತೆ. ಬಿ.ಪಿ. ಏರುತ್ತೆ. ನೀವು ಆವಿ ತಗೊಳ್ಳಿ, ಸಾಕು."

ಇನ್‌ಸ್ಪೆಕ್ಟರು ನಿಟ್ಟುಸಿರು ಬಿಟ್ಟರು, ಅದೂ ಬಾಯಿಯಿಂದಲೇ. ಆಮೇಲೆ ತಾವು ನಿಜಕ್ಕೂ ಬಂದ ಕೆಲಸಕ್ಕೆ ಕೈಹಾಕಿ, ಚೀಲದಿಂದ ಶಕ್ತಿ ಮಾತ್ರೆಯ ಚೀಟಿ ಅಂಟಿಸಿದ್ದ ಒಂದು ಸೀಸೆ ತೆಗೆದು, ಒಳಗಿನ ಮಾತ್ರೆಯೊಂದನ್ನು ಅವಳ ಅಂಗೈಗೆ ಹಾಕಿದರು. ಇದನ್ನು ನುಂಗುವವನು ಆ ಪುಡಿ ಕುಡಿದರೆ ಏನಾಗುತ್ತದೆ ಎಂದು ಕೇಳಿದರು.

ಅವಳು ಮಾತ್ರೆಯನ್ನು ತಿರುಗಿಸಿ ನೋಡಿದಳು. ಅವಳ ದನಿ ಇಳಿಯಿತು. ಇದು ಮನಸ್ಸಿನ ಖಿನ್ನತೆಗೆ ಕೊಡುವ ಹಳೇ ಕಾಲದ ಮಾತ್ರೆ, ಈಗ ಬರೆಯುವ ಡಾಕ್ಟರುಗಳೇ ಕಡಿಮೆ, ಬೇರೆ ಯಾವುದೂ ನಾಟದವರಿಗೆ ಕೊನೆಗೆ ಇದನ್ನು ಕೊಡುತ್ತಾರೆ ಎಂದಳು. ಇದನ್ನು ತೆಗೆದುಕೊಳ್ಳುವವರಿಗೆ ಊಟದಲ್ಲೂ ಪಥ್ಯವಿದೆ: ಹಳೆಯ ಚೀಸು ಕೂಡದು, ಬಹಳ ದಿನ ಹುಳಿ ಬಂದದ್ದು ಕೂಡದು.

"ನೆಗಡಿ ಪುಡಿ ಅಂತೂ ಮುಟ್ಟೋ ಹಾಗೇ ಇಲ್ಲ. ಅವರಿಗೆ ಬಿ.ಪಿ. ಏರೋದಲ್ಲ ಸಾರ್, ಹಾರುತ್ತೆ. ಹಿಂದಲೆ ಸಿಡಿಯೋ ಹಾಗೆ ನೋವು ಬರುತ್ತೆ. ಮೆದುಳಲ್ಲಿ ನರ ಒಡೆದ್ರೆ ಮುಗೀತು."

ಮುಗಿದೇ ಹೋಗಿತ್ತು. ಮೊನ್ನೆ ಮಧ್ಯಾಹ್ನದ ವಾರ್ತೆ ಓದುತ್ತಿದ್ದ ರೇಡಿಯೊ ವಾರ್ತಾವಾಚಕ, ಊರಿಗೆಲ್ಲ 'ವಾರ್ತೆ ಮೇಷ್ಟ್ರು' ಎಂದೇ ಗೊತ್ತಿದ್ದವರು, ವಾಕ್ಯದ ನಡುವೆ ಹಿಂದಲೆ ಹಿಡಿದುಕೊಂಡು ಮೈಕಿನ ಮೇಲೇ ಕುಸಿದಿದ್ದರು. ಈ ಸೀಸೆ ಅವರ ಮನೆಯಲ್ಲಿ ಸಿಕ್ಕಿದ್ದು.

ಇನ್‌ಸ್ಪೆಕ್ಟರು ಒಂದು ಫೋಟೋ ಮುಂದಿಟ್ಟರು. ರೇಡಿಯೊ ಕೇಂದ್ರದ ಯಾವುದೋ ಸಮಾರಂಭದ್ದು. ನಡುವೆ ಮೇಷ್ಟ್ರು, ಬಲಕ್ಕೆ ಅವರ ಹೆಂಡತಿ, ಎಡಕ್ಕೆ ಹೆಂಡತಿಯ ತಂಗಿ. ತಂಗಿಯೂ ಅದೇ ಕೇಂದ್ರದಲ್ಲಿ ಬೆಳಗಿನ ವಾರ್ತೆ ಓದುವವಳು. ಈ ಮಾತ್ರೆಯನ್ನು ಇಲ್ಲಿ ಯಾರು ಕೊಳ್ಳುತ್ತಿದ್ದರು ಎಂದು ಕೇಳಿದರು. ಹೆಂಡತಿಯ ಮೇಲೆ ಬೆರಳು ಬೀಳುತ್ತದೆಂದು ಅವರಿಗೆ ಗ್ಯಾರಂಟಿ ಇತ್ತು. ಬೆರಳು ಎಡಕ್ಕೆ ಹೋಯಿತು.

"ಇವರು. ಮುಖಕ್ಕಿಂತ ನನಗೆ ದನಿ ಗುರುತು ಸಾರ್. ತಲೆಗೆ ಸ್ಕಾರ್ಫು ಸುತ್ಕೊಂಡು ಬರ್ತಿದ್ರು. ಆದ್ರೆ ಮಾತ್ರೆ ಕೇಳಿದ ತಕ್ಷಣ ಗೊತ್ತಾಗಿಬಿಡೋದು, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋವಾಗ ನಾನು ದಿನಾ ಕೇಳೋ ದನಿ ಇದು ಅಂತ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಬೇಕಿದ್ದ ಕೇಸು ಅಲ್ಲಿಗೆ ಕೆಟ್ಟಿತು.

* * *

ಜೀಪಿನಲ್ಲಿ ಕೂತ ಮೇಲೆ ಸಪ್ಪೆ ಸಾಹೇಬರು ತುಸು ಹೊತ್ತು ಕಣ್ಣು ಮುಚ್ಚಿದರು. ಇವತ್ತು ಸಂಜೆಯೊಳಗೆ ಆಕಸ್ಮಿಕ ಸಾವೆಂದು ಬರೆದು ಕಡತ ಕಟ್ಟಿಬಿಡಿ ಎಂದು ಮೇಲಿನವರು ಬೆಳಗ್ಗೆಯೇ ಹೇಳಿದ್ದರು. ಸಾಹೇಬರಿಗೂ ಅದೇ ಬೇಕಿತ್ತು. ವಯಸ್ಸಾದಂತೆ ಮನುಷ್ಯನಿಗೆ ನ್ಯಾಯಕ್ಕಿಂತ ನಿದ್ದೆ ಮುಖ್ಯವಾಗುತ್ತದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಆಕಸ್ಮಿಕ ಅನ್ನುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ರೇಡಿಯೊ ಕೇಂದ್ರದಲ್ಲಿ ಒಂದು ಪದ್ಧತಿಯಿದೆ. ಪಾಳಿ ಮುಗಿಸಿ ಹೋಗುವ ವಾಚಕರು ಮುಂದಿನ ಪಾಳಿಯವರಿಗೆಂದು ಒಂದು ಫ್ಲಾಸ್ಕು ಬಿಸಿನೀರಿಗೆ ನೆಗಡಿ ಪುಡಿ ಕಲಸಿ ಮೈಕಿನ ಪಕ್ಕ ಇಟ್ಟು ಹೋಗಬೇಕು. ನೆಗಡಿ ಇರಲಿ ಬಿಡಲಿ, ಕುಡಿಯಲೇಬೇಕು. ಕಟ್ಟಿದ ಮೂಗಿನಲ್ಲಿ ವಾರ್ತೆ ಓದಿದರೆ ಕೇಳುವವರು ನಗುತ್ತಾರೆಂದು ಯಾವ ಕಾಲದಲ್ಲೋ ಶುರುವಾದದ್ದು ಈಗ ಶಾಸ್ತ್ರವೇ ಆಗಿತ್ತು. ಫ್ಲಾಸ್ಕು ಮುಟ್ಟದೆ ಕೂತರೆ ಇಟ್ಟುಹೋದವರ ಮುಖಕ್ಕೆ ಹೊಡೆದ ಹಾಗೆ.

ಮೊನ್ನೆ ಬೆಳಗಿನ ಪಾಳಿ ತಂಗಿಯದು, ಮಧ್ಯಾಹ್ನದ್ದು ಭಾವನದು. ಅವಳು ಕಲಸಿಟ್ಟಳು, ಅವರು ಕುಡಿದರು. ಮೇಷ್ಟ್ರ ಮಾತ್ರೆಯ ಗುಟ್ಟು ಅವಳಿಗೆ ಗೊತ್ತಿಲ್ಲದಿದ್ದರೆ ಅದು ಆಕಸ್ಮಿಕ. ಗೊತ್ತಿದ್ದರೆ ಕೊಲೆ. ನಡುವೆ ಬೇರೆ ದಾರಿಯಿಲ್ಲ.

ಗೊತ್ತಿರಲಿಲ್ಲ ಎಂದು ಮೇಷ್ಟ್ರ ಹೆಂಡತಿ ನಿನ್ನೆ ಹೇಳಿಕೆ ಕೊಟ್ಟಿದ್ದಳು. ಒಪ್ಪವಾದ ಅಡುಗೆಮನೆ, ಒರೆಸಿ ಒರೆಸಿ ಬಣ್ಣ ಹೋದ ಮೇಜು. ಗಂಡನ ಕಾಯಿಲೆಯನ್ನು ತವರಿನವರಿಗೂ ತಿಳಿಸದೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಕಾಪಾಡಿದೆ, ತಂಗಿಗೆ ಇದರ ಗಂಧಗಾಳಿ ಇಲ್ಲ, ಪಾಪದ ಹುಡುಗಿ ಎಂದಿದ್ದಳು. ಅವಳು ಅಳಲಿಲ್ಲ. ಬಹಳ ದಿನ ರೋಗಿಯ ಪಕ್ಕ ಕೂತವರಿಗೆ ಕೊನೆಗೆ ಅಳುವುದಕ್ಕೂ ಶಕ್ತಿ ಉಳಿದಿರುವುದಿಲ್ಲ, ಅದು ಇನ್‌ಸ್ಪೆಕ್ಟರಿಗೂ ಗೊತ್ತು. ಅವರ ತಾಯಿ ಹಾಸಿಗೆ ಹಿಡಿದು ವರ್ಷಗಟ್ಟಲೆ ಬದುಕಿದ್ದರು.

ಆ ಹೇಳಿಕೆ ಈಗ ಸುಳ್ಳೆಂದು ತಿಳಿಯಿತು. ತಂಗಿಯನ್ನು ಉಳಿಸಲು ಅಕ್ಕ ಹೇಳಿದ ಸುಳ್ಳು ಎಂದುಕೊಂಡರು ಅವರು.

ಇನ್ನೊಂದು ವಿಷಯ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು. ಸ್ಟುಡಿಯೊದ ಕಸದ ಬುಟ್ಟಿಯಲ್ಲಿ ಸಿಕ್ಕ ಪುಡಿ ಪ್ಯಾಕೆಟ್ಟಿನ ಮೇಲಂಚು ಹರಿದಿತ್ತು, ಸರಿ. ಆದರೆ ಕೆಳಗಿನ ಅಂಚನ್ನು ಯಾರೋ ಬ್ಲೇಡಿನಲ್ಲಿ ಕೊಯ್ದು ಮತ್ತೆ ಅಂಟು ಹಚ್ಚಿ ಮುಚ್ಚಿದ್ದರು. ಫ್ಲಾಸ್ಕಿನಲ್ಲಿದ್ದ ಪುಡಿ ಒಂದು ಪ್ಯಾಕೆಟ್ಟಿನದಲ್ಲ, ಎರಡಕ್ಕೂ ಮಿಕ್ಕಿದ್ದು ಎಂದು ಪ್ರಯೋಗಾಲಯದವರು ಬರೆದಿದ್ದರು. ಅದೇಕೆಂದು ಇನ್‌ಸ್ಪೆಕ್ಟರಿಗೆ ಎಷ್ಟು ಯೋಚಿಸಿದರೂ ಹೊಳೆದಿರಲಿಲ್ಲ.

* * *

ರೇಡಿಯೊ ಕೇಂದ್ರದ ಮಾತಿನ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆಲ್ಲ ಮೆತ್ತನೆಯ ಹಲಗೆ, ನೆಲಕ್ಕೆ ದಪ್ಪ ಜಮಖಾನೆ, ಒಂದು ಬದಿಗೆ ದೊಡ್ಡ ಗಾಜು. ಗಾಜಿನಾಚೆ ಧ್ವನಿ ಎಂಜಿನಿಯರ್ ತನ್ನ ಗುಂಡಿಗಳ ಮುಂದೆ ಕೂತಿದ್ದ. ಬಾಗಿಲು ಹಾಕಿಕೊಂಡರೆ ಒಳಗಿನ ಮಾತು ಹೊರಗೆ ಹೋಗದು, ಮೈಕು ತೆರೆದರೆ ಊರಿಗೆಲ್ಲ ಕೇಳುತ್ತದೆ. ಅಂಥ ಜಾಗ.

ತಂಗಿ ವಾರ್ತೆಯ ಹಾಳೆಗಳನ್ನು ಜೋಡಿಸುತ್ತಿದ್ದಳು. ಭಾವನ ಪಾಳಿಯೂ ಈಗ ಅವಳ ತಲೆಗೇ ಬಿದ್ದಿತ್ತು. ಮೂವತ್ತು ದಾಟಿದ ಹೆಣ್ಣು, ಕಣ್ಣಿನ ಕೆಳಗೆ ಕಪ್ಪು. ಮೈಕಿನ ಪಕ್ಕ ಫ್ಲಾಸ್ಕು ಇರಲಿಲ್ಲ. ಮೊನ್ನೆಯಿಂದ ಯಾರೂ ಯಾರಿಗೂ ಕಲಸುತ್ತಿಲ್ಲ ಎಂದು ಅವಳೇ ಹೇಳಿದಳು, ಅವರು ಕೇಳುವ ಮೊದಲೇ.

ಇನ್‌ಸ್ಪೆಕ್ಟರು ಎದುರಿನ ಕುರ್ಚಿ ಎಳೆದುಕೊಂಡರು. ಸುತ್ತಿ ಬಳಸಿ ಕೇಳುವ ತ್ರಾಣ ಅವರಿಗಿರಲಿಲ್ಲ.

"ಮಾತ್ರೆ ಅಂಗಡಿಯವಳು ನಿಮ್ಮನ್ನ ಗುರುತು ಹಿಡಿದಳಮ್ಮ."

ಅವಳ ಕೈ ಹಾಳೆಯ ಮೇಲೆ ನಿಂತಿತು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಮೂರು ವರ್ಷದಿಂದ ಭಾವನ ಮಾತ್ರೆ ತಂದುಕೊಡುತ್ತಿದ್ದವಳು ತಾನೇ, ಅಕ್ಕನಿಗೆ ಅಂಗಡಿಗೆ ಹೋಗಿ ಕೇಳಲು ಮುಜುಗರ ಎಂದು ಒಪ್ಪಿಕೊಂಡಳು. ಆ ಮಾತ್ರೆ ಬರುವ ಮೊದಲು ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಮೈಕಿನ ಮುಂದೆ ಮಾತ್ರ ಹೇಗೋ ಎದ್ದು ಕೂತು, ಮನೆಗೆ ಬಂದರೆ ಮತ್ತೆ ಗೋಡೆ. ಈ ಮಾತ್ರೆ ಬಂದ ಮೇಲೆ ಒಂದು ದಿನ ಅವರು ಸ್ನಾನದ ಮನೆಯಲ್ಲಿ ಹಾಡಿಕೊಂಡರಂತೆ. ಅಕ್ಕ ತಂಗಿ ಇಬ್ಬರೂ ಬಾಗಿಲ ಹೊರಗೆ ನಿಂತು ಕೇಳಿದರಂತೆ.

ಹಾಗಾದರೆ ಪುಡಿ ಕುಡಿಯಬಾರದು ಎಂಬುದೂ ಗೊತ್ತಿತ್ತಲ್ಲ ಎಂದರು ಇನ್‌ಸ್ಪೆಕ್ಟರು.

"ಗೊತ್ತಿತ್ತು."

"ಆದರೂ ಕಲಸಿ ಇಟ್ರಿ."

"ನಾನು ಅವರಿಗೆ ಯಾವತ್ತೂ ಪುಡಿ ಕಲಸಿಲ್ಲ ಸಾರ್."

ಇನ್‌ಸ್ಪೆಕ್ಟರು ಮೂಗು ಒರೆಸಿಕೊಂಡು ಕಾದರು. ಅವಳು ಹೇಳುತ್ತ ಹೋದಳು. ಫ್ಲಾಸ್ಕು ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ತಲೆ ಕೆಟ್ಟವನ ಕೈಗೆ ವಾರ್ತೆ ಕೊಡುವುದಿಲ್ಲ ಎನ್ನುತ್ತಾರೆ. ಮೈಕು ಹೋದರೆ ಭಾವ ಬದುಕುತ್ತಿರಲಿಲ್ಲ. ಹಾಗಾಗಿ ಮೂವರೂ ಕೂತು ಒಂದು ಉಪಾಯ ಮಾಡಿದ್ದರು. ಪ್ಯಾಕೆಟ್ಟಿನ ತಳ ಕೊಯ್ದು, ಪುಡಿ ಚೆಲ್ಲಿ, ನಿಂಬೆ ರುಚಿಯ ಗ್ಲೂಕೋಸ್ ತುಂಬಿ ಅಂಟಿಸುವುದು. ತಾನು ಅದನ್ನು ಎಲ್ಲರೆದುರೇ ಮೇಲಿನಿಂದ ಹರಿದು ಫ್ಲಾಸ್ಕಿಗೆ ಹಾಕುವುದು. ವಾಸನೆಯೂ ಅದೇ, ಬಣ್ಣವೂ ಅದೇ. ಒಂದು ಸಲ ಕೇಂದ್ರದ ಮುಖ್ಯಸ್ಥರೇ ಅದರಲ್ಲಿ ಅರ್ಧ ಲೋಟ ಕುಡಿದು, ಆಹಾ, ಮೂಗು ಬಿಡ್ತು ನೋಡು ಎಂದಿದ್ದರಂತೆ. ಅದನ್ನು ಹೇಳುವಾಗ ಅವಳ ತುಟಿ ಒಂದು ಕ್ಷಣ ನಗುವಿನ ಕಡೆ ಹೋಗಿ ವಾಪಸು ಬಂತು.

"ಮೊನ್ನೆ ಭಾವನಿಗೆ ನಿಜವಾಗ್ಲೂ ನೆಗಡಿ ಇತ್ತು. ನಾಲಿಗೆಗೆ ರುಚಿನೇ ಇಲ್ಲ ಅಂತಿದ್ರು. ಇಲ್ಲದಿದ್ರೆ ಒಂದು ಗುಟುಕಿಗೇ ಗೊತ್ತಾಗಿಬಿಡೋದು." ಅವಳು ಮೇಜಿನ ಡ್ರಾಯರ್ ಎಳೆದು ತೋರಿಸಿದಳು. ಒಳಗೆ ನೆಗಡಿ ಪುಡಿಯ ಪ್ಯಾಕೆಟ್ಟುಗಳ ರಾಶಿ. "ಮಿಕ್ಕವರಿಗೆ ಇಡೋ ನಿಜವಾದ ಪುಡಿ ಇದು. ನಮ್ಮದು ನನ್ನ ಬ್ಯಾಗಲ್ಲಿ ಇರೋದು. ನಾನು ನಿದ್ದೆಗಣ್ಣಲ್ಲಿ ಇದರಿಂದ ತೆಗೆದುಬಿಟ್ಟೆ ಅಂತ ಕಾಣುತ್ತೆ ಸಾರ್. ಮೂರು ವರ್ಷ ತಪ್ಪದ ಕೈ, ಮೊನ್ನೆ ತಪ್ಪಿಬಿಡ್ತು. ಭಾವನ್ನ ಕೊಂದಿದ್ದು ನಾನೇ, ಆದ್ರೆ ಬೇಕು ಅಂತ ಅಲ್ಲ."

ಈ ಹೆಣ್ಣು ಮೊನ್ನೆಯಿಂದ ನಿದ್ದೆ ಮಾಡಿರದ ಕಾರಣ ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಅವರಿಗೆ ನಿಜವಾಗಿ ಮರುಕ ಹುಟ್ಟಿತು. ಜೊತೆಗೇ, ನಾರು ಹಲ್ಲಿನ ಸಂದಿಯಿಂದ ಹೊರಬಂತು. ಅಲ್ಲೇ ನಿಲ್ಲಿಸಿ, ಕೈತಪ್ಪಿನಿಂದ ಆದ ಸಾವು ಎಂದು ಬರೆದುಕೊಂಡು ಮನೆಗೆ ಹೋಗಿ ಆವಿ ತೆಗೆದುಕೊಳ್ಳಬಹುದಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಬುದ್ಧಿ ಅವರದು. ಚೀಲದಿಂದ ಪಾರದರ್ಶಕ ಲಕೋಟೆ ತೆಗೆದು, ಕಸದ ಬುಟ್ಟಿಯ ಆ ಪ್ಯಾಕೆಟ್ಟನ್ನು ಅವಳ ಮುಂದಿಟ್ಟರು.

"ತಳ ನೋಡಮ್ಮ."

ಅವಳು ಬಾಗಿ ನೋಡಿದಳು. ಅಂಟಿನ ಗೆರೆ ದೀಪಕ್ಕೆ ಹೊಳೆಯುತ್ತಿತ್ತು.

"ಅಂಟು ಇದೆ," ಎಂದಳು. ಆಮೇಲೆ, "ಅಂಟು ಇದೆ ಸಾರ್. ಅಂದ್ರೆ ಇದು ನನ್ನ ಬ್ಯಾಗಿಂದು. ನಾನು ಡ್ರಾಯರಿಗೆ ಕೈ ಹಾಕಿಲ್ಲ. ನಾನು ತಪ್ಪು ಮಾಡಿಲ್ಲ."

ಹೊತ್ತ ಮೂಟೆ ಇಳಿಸಿದವಳಂತೆ ಅವಳು ಹಿಂದಕ್ಕೆ ಒರಗಿದಳು. ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ಸಂತೋಷವಿತ್ತು. ಇನ್‌ಸ್ಪೆಕ್ಟರು ತಲೆ ತಗ್ಗಿಸಿದರು. ಮುಂದಿನದನ್ನು ತಾವು ಹೇಳಬೇಕಾಗಿ ಬರದಿರಲಿ, ಅವಳಿಗೇ ಹೊಳೆಯಲಿ ಎಂದು ಕಾದರು. ಹೊಳೆಯಿತು. ಸಂತೋಷ ಅವಳ ಮುಖದಿಂದ ಇಳಿದುಹೋಗುವುದನ್ನು ಅವರು ನೋಡಲಿಲ್ಲ, ಆದರೆ ಅವಳ ಉಸಿರು ನಿಂತದ್ದು ಆ ನಿಶ್ಶಬ್ದ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿತು.

"ಅಂಟಿಸೋದು ಯಾರಮ್ಮ?"

ಅವಳು ಲಕೋಟೆಯನ್ನು ಅವರ ಕಡೆಗೇ ತಳ್ಳಿದಳು.

"ಗ್ಲೂಕೋಸ್ ತುಂಬೋಕೆ ಮರೆತಿದ್ರೆ ತಳ ಕೊಯ್ದೇ ಇರ್ತಿರಲಿಲ್ಲ. ಕೊಯ್ದು ಅಂಟಿಸಿದ್ದಾರೆ. ಒಳಗೆ ಗ್ಲೂಕೋಸ್ ಇರಲಿಲ್ಲ, ಎರಡು ಪ್ಯಾಕೆಟ್ಟಿಗೂ ಮಿಕ್ಕಿ ಪುಡಿ ಇತ್ತು. ಇದು ಕೈತಪ್ಪಲ್ಲ. ನಿಮ್ಮ ಮನೇಲಿ ಇದನ್ನ ಅಂಟಿಸೋದು ಯಾರು?"

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಅಕ್ಕ ಜೈಲಿಗೆ, ಹೇಳದಿದ್ದರೆ ತಾನು. ಅವಳು ಗಾಜಿನಾಚೆ ನೋಡುತ್ತ, ಕೇಳದ ಪ್ರಶ್ನೆಗೆ ಉತ್ತರ ಕೊಡುವವಳಂತೆ ಬೇರೇನೋ ಮಾತಾಡತೊಡಗಿದಳು. ಅಮ್ಮ ಸತ್ತಾಗ ತಾನು ಲಂಗ ಕಟ್ಟಿಕೊಳ್ಳಲೂ ಬಾರದ ಮಗು. ತಲೆ ಬಾಚಿದ್ದು ಅಕ್ಕ, ಓದಿಸಿದ್ದು ಅಕ್ಕ, ಭಾವನಿಗೆ ಹೇಳಿ ಈ ಮೈಕಿನ ಮುಂದೆ ಕೂರಿಸಿದ್ದೂ ಅಕ್ಕ. ಮೂರು ವರ್ಷದಿಂದ ಅಕ್ಕ ಒಂದು ಮದುವೆ ಮನೆಗೆ ಹೋಗಿಲ್ಲ. ಭಾವ ಏನು ತಿಂದರು, ಏನು ಕುಡಿದರು, ಎಷ್ಟು ನಿದ್ದೆ ಮಾಡಿದರು, ಅದೇ ಅವಳ ಲೋಕ.

"ಹೋದ ವಾರ ಅಂಟಿಸ್ತಾ ಕೂತಿದ್ದವಳು ಹೇಳಿದ್ಲು ಸಾರ್, ಇವರು ಹುಷಾರಾದ್ರು, ನಾನು ಕಾಯಿಲೆ ಬಿದ್ದೆ ಕಣೇ ಅಂತ. ನಾನು ನಕ್ಕುಬಿಟ್ಟೆ."

ಹೇಳಿಯಾದ ಮೇಲೆ ಅವಳಿಗೆ ತಾನು ಏನು ಹೇಳಿದೆನೆಂದು ಗೊತ್ತಾಯಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಡಿದ ಮಾತು, ಒಡೆದ ಮುತ್ತು.

ಅಷ್ಟರಲ್ಲಿ ಎಂಜಿನಿಯರ್ ಗಾಜು ತಟ್ಟಿದ. ವಾರ್ತೆಗೆ ಹೊತ್ತಾಗಿತ್ತು.

ಓದುವುದು ಬೇಡ, ಬೇರೆ ಯಾರನ್ನಾದರೂ ಕರೆಸಲಿ ಎಂದರು ಇನ್‌ಸ್ಪೆಕ್ಟರು. ಈ ಹೊತ್ತಿಗೆ ಬೇರೆ ಯಾರೂ ಇಲ್ಲ ಎಂದಳು ಅವಳು. ಓದಿ ಮುಗಿಸಿದ ಕೂಡಲೇ ಅವರ ಜೊತೆ ಬರುತ್ತೇನೆ, ಹೇಳಿಕೆ ಬರೆದುಕೊಡುತ್ತೇನೆ, ಭಾವ ಇದ್ದಿದ್ದರೆ ವಾರ್ತೆ ತಪ್ಪಿಸಲು ಬಿಡುತ್ತಿರಲಿಲ್ಲ ಎಂದಳು. ಇನ್‌ಸ್ಪೆಕ್ಟರಿಗೆ ಬೇಡವೆನ್ನಲು ಮನಸ್ಸಾಗಲಿಲ್ಲ. ಎದ್ದು ಗಾಜಿನಾಚೆಗೆ ಹೋಗಿ ಎಂಜಿನಿಯರನ ಹಿಂದೆ ಗೋಡೆಗೆ ಒರಗಿ ನಿಂತರು. ನಿಲ್ಲುವುದೂ ಒಂದು ಕೆಲಸವಾಗಿತ್ತು.

ಕೆಂಪು ದೀಪ ಹತ್ತಿತು. ಅವಳ ದನಿ ಬಂತು, ತೊಳೆದಿಟ್ಟ ಹಾಗೆ. ಈಗ ತಾನೇ ಅತ್ತವಳ ದನಿ ಇದು ಎಂದರೆ ಯಾರೂ ನಂಬುತ್ತಿರಲಿಲ್ಲ. ನೀರಿನ ತೆರಿಗೆ, ಮುರಿದ ಸೇತುವೆ, ಎಲ್ಲೋ ನಡೆದ ಪಂದ್ಯ. ಒಂದು ಅಕ್ಷರ ಜಾರಲಿಲ್ಲ. ಮೇಷ್ಟ್ರು ಚೆನ್ನಾಗಿ ಕಲಿಸಿದ್ದರು. ಕೊನೆಯ ಹಾಳೆ ಮಗುಚಿದಳು, ಇಲ್ಲಿಗೆ ವಾರ್ತೆ ಮುಗಿಯಿತು ಎನ್ನಬೇಕಿತ್ತು. ಎನ್ನಲಿಲ್ಲ.

"ಇನ್ನೊಂದು ಸುದ್ದಿ. ಮೊನ್ನೆ ಇದೇ ಜಾಗದಲ್ಲಿ ತೀರಿಕೊಂಡ ಹಿರಿಯ ವಾಚಕರ ಸಾವು ಆಕಸ್ಮಿಕವಲ್ಲ. ಅವರು ನೆಗಡಿಯ ಪುಡಿ ಸೇವಿಸಿದರೆ ಪ್ರಾಣಕ್ಕೆ ಅಪಾಯವೆಂದು ತಿಳಿದೂ, ಅದನ್ನು ಬೆರೆಸಿ ಕೊಟ್ಟವರು ಒಬ್ಬರೇ. ಬೆರೆಸಿಕೊಟ್ಟವಳು ನಾನು. ಇದರಲ್ಲಿ ಅವರ ಪತ್ನಿಯ ಪಾತ್ರ ಏನೂ ಇಲ್ಲ."

ಎಂಜಿನಿಯರ್ ಗುಂಡಿಗೆ ಕೈ ಹಾಕುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆಂಪು ದೀಪ ಆರಿತು. ಅವಳು ಹಾಳೆಗಳನ್ನು ಜೋಡಿಸಿ, ಕೈ ಮೇಜಿನ ಮೇಲಿಟ್ಟುಕೊಂಡು ಕೂತಳು. ಈಗ ಇದು ಕಡತದ ವಿಷಯವಾಗಿ ಉಳಿದಿರಲಿಲ್ಲ. ಊಟಕ್ಕೆ ಕೂತ ಊರೆಲ್ಲ ಕೇಳಿತ್ತು. ಸುಳ್ಳೆಂದು ಗೊತ್ತಿದ್ದವರು ಮೂರೇ ಜನ: ಹೇಳಿದವಳು, ಇನ್‌ಸ್ಪೆಕ್ಟರು, ಮತ್ತೆ ಅಕ್ಕ. ಅಕ್ಕ ತಡೆದುಕೊಳ್ಳಲಾರಳು, ಓಡಿಬರುತ್ತಾಳೆ ಎಂದುಕೊಂಡರು ಸಪ್ಪೆ ಸಾಹೇಬರು. ಎತ್ತಿ ಆಡಿಸಿದ ಕೂಸನ್ನು ಯಾರು ತಾನೇ ಹೀಗೆ ಬಿಟ್ಟಾರು?

ಎಂಜಿನಿಯರನ ಮೇಜಿನ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟು, ಹೂಂ, ಇಲ್ಲೇ ಇದ್ದಾರೆ ಎಂದು ಅವರ ಕಡೆ ಚಾಚಿದ.

"ಮೇಷ್ಟ್ರ ಮನೆಯಿಂದ ಸಾರ್. ಪೊಲೀಸರ ಹತ್ರ ಮಾತಾಡಬೇಕಂತೆ."

ಇನ್‌ಸ್ಪೆಕ್ಟರು ತೆಗೆದುಕೊಂಡರು. ಆ ಕಡೆ ಅದೇ ಅಳು ಬತ್ತಿದ ದನಿ, ಸ್ವಲ್ಪವೂ ಅವಸರವಿಲ್ಲದೆ ಮಾತಾಡಿತು.

"ಕೇಳಿಸ್ಕೊಂಡ್ರಾ ಸಾರ್? ತಂಗಿ ಅಂತ ನಿನ್ನೆ ನಾನು ಮುಚ್ಚಿಟ್ಟೆ. ನನಗೆ ಮೊದಲಿಂದಾನೂ ಅವಳ ಮೇಲೇ ಅನುಮಾನ ಇತ್ತು."

ಗಾಜಿನಾಚೆ ಕೂತವಳು, ಫೋನು ಯಾರದು ಎಂದು ಕಣ್ಣಿನಲ್ಲೇ ಕೇಳುತ್ತಿದ್ದಳು.